ಮೊದಲ ಶೋ ನೋಡಿ ಹೊರಬರುವ ಅಭಿಮಾನಿಗಳಿಗೆ ಒಂದು ಬಹಿರಂಗ ಪತ್ರ

ವರ್ಷಗಟ್ಟಲೆ ಕಾದು, ಎರಡನೇ ಭಾಗ ತೆರೆಗೆ ಬಂದ ದಿನವೇ ಓಡಿಹೋಗಿ ನೋಡುವ ಸೈನ್ಸ್ ಫಿಕ್ಷನ್ ಸಿನಿಮಾ ಅಭಿಮಾನಿಗಳೇ,

ನಮಸ್ಕಾರ.

ನಾನು ನಿಮ್ಮಲ್ಲೇ ಒಬ್ಬಳು. ಮೊದಲ ದಿನದ ಟಿಕೆಟ್ ಸಿಗದಿದ್ದರೆ ಅವತ್ತು ನನಗೂ ಸಮಾಧಾನ ಇರುವುದಿಲ್ಲ. ದೀಪ ಆರಿದ ಕೂಡಲೇ ಹಾಲಿನಲ್ಲಿ ಗುಸುಗುಸು ನಿಂತು ಒಂದು ಕ್ಷಣ ಎಲ್ಲರೂ ಉಸಿರು ಬಿಗಿಹಿಡಿಯುತ್ತಾರಲ್ಲ, ಆ ಒಂದು ಕ್ಷಣಕ್ಕಾಗಿಯೇ ನಾನು ಮೊದಲ ಶೋಗೆ ಹೋಗುವುದು. ಹಾಗಾಗಿ ಇದು ಹೊರಗಿನವರು ಬರೆದ ಪತ್ರ ಅಂದುಕೊಳ್ಳಬೇಡಿ. ನಿಮ್ಮ ಸಾಲಿನಲ್ಲಿ, ನಿಮ್ಮ ಪಕ್ಕದ ಸೀಟಿನಲ್ಲಿ ಕೂತಿದ್ದವಳು ಬರೆಯುತ್ತಿದ್ದೇನೆ. ನನಗೆ ಬೇಸರವಾಗಿದೆ. ಆ ಬೇಸರ ಏನು ಅಂತ ನಿಮಗೆ ಹೇಳಬೇಕು.

2017ರ ಅಕ್ಟೋಬರಿನಲ್ಲಿ 'ಬ್ಲೇಡ್ ರನ್ನರ್ 2049' ಬಿಡುಗಡೆಯಾಯಿತು. ಮೊದಲ ಚಿತ್ರ ಬಂದಿದ್ದು 1982ರಲ್ಲಿ. ನಡುವೆ 35 ವರ್ಷ! ಮೊದಲನೆಯದನ್ನು ನಾನು ನೋಡಿದ್ದು ಶಾಲೆಗೆ ಹೋಗುತ್ತಿದ್ದಾಗ, ಅಣ್ಣ ಯಾರಿಂದಲೋ ಕೇಳಿ ತಂದಿದ್ದ ವಿಡಿಯೊ ಕ್ಯಾಸೆಟ್‌ನಲ್ಲಿ. ಚಿತ್ರ ಅಲ್ಲಲ್ಲಿ ಗೆರೆಗೆರೆಯಾಗಿ ಬರುತ್ತಿತ್ತು. ಮಾತು ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಆದರೂ ಆ ಮಳೆ, ಆ ದೀಪಗಳು, ಕೊನೆಯಲ್ಲಿ ಮಳೆಯಲ್ಲಿ ನೆನೆಯುತ್ತ ಕೂತವನ ಮುಖ ಇವತ್ತಿಗೂ ಕಣ್ಣ ಮುಂದಿದೆ. ಎರಡನೇ ಭಾಗ ಬರುತ್ತದೆ ಎಂದು ಗೊತ್ತಾದಾಗ ಅಣ್ಣ ಬೇರೆ ಊರಿನಲ್ಲಿದ್ದ. ಫೋನ್ ಮಾಡಿ, "ನೀನು ಮೊದಲು ನೋಡು, ಆದ್ರೆ ಒಂದು ಮಾತೂ ಹೇಳ್ಬೇಡ" ಅಂದ. ಅವನಿಗೆ ಕೆಲಸದಿಂದ ಬಿಡುವು ಸಿಗುವುದು ಹತ್ತು ದಿನದ ನಂತರ.

ನಾನು ಮೊದಲ ದಿನವೇ ಹೋದೆ. ಸಿನಿಮಾ ತುಂಬ ನಿಧಾನವಾಗಿ ಶುರುವಾಗುತ್ತದೆ. ಒಂದು ಒಂಟಿ ಮನೆ. ಒಲೆಯ ಮೇಲೆ ಪಾತ್ರೆಯೊಂದು ಕುದಿಯುತ್ತಿರುತ್ತದೆ. ಒಬ್ಬ ಸುಮ್ಮನೆ ಕೂತು ಕಾಯುತ್ತಿರುತ್ತಾನೆ. ಅಷ್ಟೇ. ಆ ಕುದಿಯುವ ಸದ್ದು ಹಾಲಿನಲ್ಲಿ ಕೇಳುತ್ತಿರುವಾಗಲೇ ನನ್ನ ಮುಂದಿನ ಸಾಲಿನಲ್ಲಿ ಒಂದು ಫೋನ್ ಬೆಳಗಿತು. ಮತ್ತೆ ಆರಿತು. ಮತ್ತೆ ಬೆಳಗಿತು. ಹಿಡಿದವನ ಹೆಬ್ಬೆರಳು ಬೇಗಬೇಗ ಓಡುತ್ತಿತ್ತು. ಸಿನಿಮಾ ಶುರುವಾಗಿ ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ಅವನು ಆಗಲೇ ಯಾರಿಗೋ ತನ್ನ ತೀರ್ಪು ಬರೆದು ಕಳಿಸುತ್ತಿದ್ದ. ಮುಂದೆ ಕಥೆ ಒಂದು ದೊಡ್ಡ ತಿರುವು ತೆಗೆದುಕೊಳ್ಳುವ ಹೊತ್ತಿಗೆ ಇನ್ನೆರಡು ಫೋನ್‌ಗಳು ಮೇಲೆದ್ದವು. ಈ ಸಲ ಬರೆಯಲಿಕ್ಕಲ್ಲ, ಪರದೆಯ ಫೋಟೊ ತೆಗೆಯಲಿಕ್ಕೆ.

ನಾಲ್ಕನೇ ದಿನ ಅಣ್ಣ ಫೋನ್ ಮಾಡಿದ. ದನಿಯಲ್ಲೇ ಗೊತ್ತಾಯಿತು. "ನಂಗೆ ಗೊತ್ತಾಗೋಯ್ತು ಕಣೆ" ಅಂದ. ಯಾರೋ ಪರಿಚಯದವರು ಒಂದು ಫೋಟೊ ಕಳಿಸಿದ್ದರಂತೆ, ಕೆಳಗೆ ಎರಡು ಸಾಲು ಬರೆದು. ಅದನ್ನು ಓದಬಾರದು ಅಂತ ಅಂದುಕೊಳ್ಳುವಷ್ಟರಲ್ಲಿ ಕಣ್ಣು ಓದಿಯಾಗಿತ್ತು. ಅವನು ಆಮೇಲೆ ಸಿನಿಮಾಗೆ ಹೋದ, ಇಷ್ಟವೂ ಪಟ್ಟ. ಆದರೆ ಆ ತಿರುವು ಬರುವವರೆಗೂ ಅದಕ್ಕಾಗಿಯೇ ಕಾಯುತ್ತ ಕೂತಿದ್ದನಂತೆ. ಬಂದಾಗ ಏನೂ ಅನ್ನಿಸಲಿಲ್ಲವಂತೆ. 35 ವರ್ಷದ ನಂತರ ಬಂದ ಸಿನಿಮಾ ಅದು. ಒಂದು ಸಿನಿಮಾವನ್ನು ಎಷ್ಟು ಸಲ ಬೇಕಾದರೂ ನೋಡಬಹುದು, ಆದರೆ ಮೊದಲ ಸಲ ಅನ್ನುವುದು ಒಂದೇ ಸಲ. ಅವನ ಆ ಒಂದು ಸಲವನ್ನು ಯಾರೋ ಎರಡು ಸಾಲಿನಲ್ಲಿ ಮುಗಿಸಿಬಿಟ್ಟರು. ಕಳಿಸಿದವರಿಗೆ ಅವನ ಮೇಲೆ ದ್ವೇಷ ಇರಲಿಲ್ಲ. ಖುಷಿ ತಡೆಯಲಾಗಲಿಲ್ಲ, ಅಷ್ಟೇ. ಅದು ನನಗೆ ಅರ್ಥವಾಗುತ್ತದೆ. ಆದರೂ ಹೋಗಿದ್ದು ಹೋಯಿತು.

ಈ ಪತ್ರದಲ್ಲೂ ಆ ತಿರುವು ಏನು ಅಂತ ನಾನು ಬರೆಯುವುದಿಲ್ಲ. ಇನ್ನೂ ನೋಡದವರು ಇದನ್ನು ಓದುತ್ತಿರಬಹುದು.

ಒಂದು ಗುಟ್ಟನ್ನು ನಮ್ಮವರೆಗೆ ಜೋಪಾನವಾಗಿ ತಂದು ಮುಟ್ಟಿಸಲು ಸಿನಿಮಾ ಮಾಡುವವರು ಎಷ್ಟು ಕಷ್ಟಪಡುತ್ತಾರೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1980ರಲ್ಲಿ ಬಂದ, 'ಸ್ಟಾರ್ ವಾರ್ಸ್' ಸರಣಿಯ 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' ಚಿತ್ರದಲ್ಲಿ ಗುಟ್ಟು ಬಿಚ್ಚುವ ಒಂದು ಮಾತಿದೆ. ಚಿತ್ರೀಕರಣದ ವೇಳೆ, ಅದನ್ನು ಹೇಳುವ ಪಾತ್ರದ ವೇಷ ಹಾಕಿದ್ದ ನಟನಿಗೇ ಆ ಮಾತನ್ನು ಕೊಟ್ಟಿರಲಿಲ್ಲ. ಅವರ ಕೈಗೆ ಕೊಟ್ಟಿದ್ದು ಬೇರೆಯೇ ಸಾಲು. ಅವರು ಅದನ್ನೇ ಹೇಳಿ ನಟಿಸಿದರು. ನಿಜವಾದ ಮಾತನ್ನು ಆಮೇಲೆ ಜೇಮ್ಸ್ ಅರ್ಲ್ ಜೋನ್ಸ್ ಅವರ ದನಿಯಲ್ಲಿ ಸೇರಿಸಲಾಯಿತು. ಎದುರಿಗಿದ್ದ ನಟ ಮಾರ್ಕ್ ಹ್ಯಾಮಿಲ್‌ಗೆ ವಿಷಯ ತಿಳಿಸಿದ್ದು ದೃಶ್ಯ ತೆಗೆಯುವುದಕ್ಕೆ ಸ್ವಲ್ಪ ಮೊದಲು. ಇಷ್ಟೆಲ್ಲ ಯಾಕೆ? ಹಾಲಿನಲ್ಲಿ ಕೂತವರು ಅದನ್ನು ಹಾಲಿನಲ್ಲೇ ಕೇಳಲಿ ಅಂತ.

ತಪ್ಪೆಲ್ಲ ಪ್ರೇಕ್ಷಕರದ್ದೇ ಅಂತ ನಾನು ಹೇಳುತ್ತಿಲ್ಲ. ಸಿನಿಮಾ ಮಾರುವವರೂ ಇದನ್ನೇ ಮಾಡಿದ್ದಾರೆ. 1991ರ 'ಟರ್ಮಿನೇಟರ್ 2' ನೋಡಿ. ಭವಿಷ್ಯದಿಂದ ಬಂದ ಇಬ್ಬರಲ್ಲಿ ಕೊಲ್ಲಲು ಬಂದವನು ಯಾರು, ಕಾಪಾಡಲು ಬಂದವನು ಯಾರು ಅಂತ ಗೊತ್ತಾಗದ ಹಾಗೆ ಆರಂಭದ ದೃಶ್ಯಗಳನ್ನು ಕಟ್ಟಲಾಗಿದೆ. ಎಷ್ಟು ಚೆನ್ನಾಗಿ ಕಟ್ಟಿದ್ದಾರೆ ಅಂದರೆ, ಏನೂ ತಿಳಿಯದೆ ಹೋದವರು ಆ ಎದುರಾಬದುರಾಗುವ ದೃಶ್ಯದಲ್ಲಿ ಕುರ್ಚಿಯಿಂದ ಎದ್ದುಬಿಡಬೇಕು. ಆದರೆ ಬಿಡುಗಡೆಗೆ ಮೊದಲೇ ಟ್ರೇಲರ್‌ಗಳು ಅದನ್ನು ಹೇಳಿಬಿಟ್ಟಿದ್ದವು. ಅದೇ 2017ರಲ್ಲಿ 'ಬ್ಲೇಡ್ ರನ್ನರ್ 2049'ರ ನಿರ್ದೇಶಕ ಡೆನಿ ವಿಲ್ನೂವ್, ವಿಮರ್ಶಕರಿಗೆ ಸಿನಿಮಾ ತೋರಿಸುವಾಗಲೇ ಕಥೆಯ ಮುಖ್ಯ ಅಂಶಗಳನ್ನು ಬಿಟ್ಟುಕೊಡಬೇಡಿ ಎಂದು ಕೇಳಿಕೊಂಡಿದ್ದರು. ಅವತ್ತಿನ ಎಷ್ಟೋ ವಿಮರ್ಶೆಗಳನ್ನು ಓದಿದರೆ ಕಥೆ ಏನು ಅಂತಲೇ ತಿಳಿಯುವುದಿಲ್ಲ. ದುಡ್ಡಿಗಾಗಿ ಬರೆಯುವವರು ಆ ಮಾತು ಉಳಿಸಿಕೊಂಡರು. ಪ್ರೀತಿಗಾಗಿ ಹೋದ ನಾವು ಉಳಿಸಿಕೊಳ್ಳಲಿಲ್ಲ.

ಎರಡನೇ ವಿಷಯ ನಮ್ಮ ಆತುರದ್ದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕಾಗಿದೆ.

ಅವತ್ತು ಹಾಲಿನಿಂದ ಹೊರಬರುವಾಗ ಮೆಟ್ಟಿಲ ಮೇಲೆ ಕೇಳಿದ ಮಾತುಗಳು ನೆನಪಿವೆ. "ಎಳೆದಿದ್ದಾರೆ." "ಹಳೇದರ ಮುಂದೆ ಏನೂ ಇಲ್ಲ." "ಇದಕ್ಕಾ ಇಷ್ಟು ವರ್ಷ ಕಾದಿದ್ದು?" ಕಿವಿಯಲ್ಲಿ ಸಿನಿಮಾದ ಸದ್ದು ಇನ್ನೂ ಗುಂಯ್‌ಗುಡುತ್ತಿತ್ತು, ಆಗಲೇ ತೀರ್ಪು ಬಂದಾಗಿತ್ತು. ನಿಜ, ಸಿನಿಮಾ 163 ನಿಮಿಷ ಇದೆ. ಮೊದಲನೆಯದು ಎರಡು ಗಂಟೆಗೂ ಕಡಿಮೆ. ನನಗೂ ಮೊದಲ ಸಲ ಮಧ್ಯದಲ್ಲಿ ಕಾಲು ಜೋಮು ಹಿಡಿದಿತ್ತು, ಮನಸ್ಸು ಎಲ್ಲೆಲ್ಲೋ ಹೋಗಿತ್ತು. ನಾನು ಆ ಸಿನಿಮಾದ ಒಳಗೆ ಆ ಹಳೇ ಕ್ಯಾಸೆಟ್ಟನ್ನು ಹುಡುಕುತ್ತಿದ್ದೆ. ಆ ಮಳೆ ಎಲ್ಲಿ, ಆ ದೀಪ ಎಲ್ಲಿ ಅಂತ. ಇನ್ನೊಂದು ಸಲ ಹೋದಾಗ ಹುಡುಕುವುದನ್ನು ಬಿಟ್ಟೆ. ಆಗ ಕಂಡಿತು, ಕಿತ್ತಳೆ ಬಣ್ಣದ ಧೂಳು ತುಂಬಿದ ಪಾಳುಬಿದ್ದ ಊರು, ಅಲ್ಲಿ ಒಬ್ಬ ಒಂಟಿಯಾಗಿ ನಡೆದುಬರುವಾಗ ಅವನ ಕೈಮೇಲೆ ಬಂದು ಕೂರುವ ಜೇನುಹುಳ. ಮೊದಲ ಸಲ ಆ ಹುಳವನ್ನು ನಾನು ನೋಡೇ ಇರಲಿಲ್ಲ. ಏನೂ ಬೆಳೆಯದ ಲೋಕದಲ್ಲಿ ಜೇನುಹುಳ ಹೇಗೆ ಬಂತು ಅಂತ ಅವನು ನಿಂತು ನೋಡುತ್ತಾನೆ. ನಾನು ಅವನ ಜೊತೆ ನಿಂತು ನೋಡಿದೆ.

ಅದನ್ನು ಸೆರೆಹಿಡಿದ ಛಾಯಾಗ್ರಾಹಕ ರೋಜರ್ ಡೀಕಿನ್ಸ್‌ಗೆ ಆ ಸಿನಿಮಾಕ್ಕಾಗಿ 2018ರಲ್ಲಿ ಆಸ್ಕರ್ ಬಂತು. 14ನೇ ಸಲ ನಾಮನಿರ್ದೇಶನಗೊಂಡಾಗ ಸಿಕ್ಕಿದ ಮೊದಲ ಆಸ್ಕರ್ ಅದು. ಆದರೆ ಹಾಕಿದ ಬಂಡವಾಳಕ್ಕೆ ತಕ್ಕಷ್ಟು ಜನ ಸಿನಿಮಾಗೆ ಬರಲಿಲ್ಲ. ಅದಕ್ಕೆ ಮೆಟ್ಟಿಲ ಮೇಲಿನ ಮಾತುಗಳೇ ಕಾರಣ ಅನ್ನಲಾರೆ. ಹೊಸಬರಿಗೆ ಮೊದಲನೆಯದು ಗೊತ್ತಿರಲಿಲ್ಲ, ಉದ್ದವೂ ಹೆಚ್ಚಾಯಿತು, ಕಾರಣಗಳು ಹಲವಿರಬಹುದು. ಆದರೆ ನಮ್ಮ ಮಾತಿಗೆ ಬೆಲೆ ಇಲ್ಲ ಅಂತ ಮಾತ್ರ ತಿಳಿಯಬೇಡಿ. ಅದೇ ಕಥೆಯ ಮೊದಲ ಚಿತ್ರಕ್ಕೆ ಏನಾಯಿತು ಕೇಳಿ.

1982ರ ಮಾರ್ಚಿನಲ್ಲಿ, ಬಿಡುಗಡೆಗೆ ಮೂರೇ ತಿಂಗಳಿರುವಾಗ, ಅಮೆರಿಕದ ಡೆನ್ವರ್ ಮತ್ತು ಡಲ್ಲಾಸ್‌ನಲ್ಲಿ ಪ್ರೇಕ್ಷಕರನ್ನು ಕರೆದು ಆ ಸಿನಿಮಾ ತೋರಿಸಿದರು. ಅವರು ಅರ್ಥವಾಗಲಿಲ್ಲ, ತುಂಬ ಮಂಕಾಗಿದೆ, ಕೊನೆ ಸರಿಯಿಲ್ಲ ಅಂದರು. ದುಡ್ಡು ಹಾಕಿದವರು ಹೆದರಿದರು. ನಾಯಕ ಹ್ಯಾರಿಸನ್ ಫೋರ್ಡ್ ಅವರನ್ನು ಕರೆಸಿ ಉದ್ದಕ್ಕೂ ವಿವರಣೆಯ ಮಾತು ಹೇಳಿಸಿದರು. ಕೊನೆಗೊಂದು ಸುಖಾಂತ್ಯ ಅಂಟಿಸಿದರು. ಆ ಸುಖಾಂತ್ಯಕ್ಕೆ ಬೇಕಾದ ಬೆಟ್ಟಗುಡ್ಡದ ದೃಶ್ಯಗಳನ್ನು, ಸ್ಟ್ಯಾನ್ಲಿ ಕುಬ್ರಿಕ್ ತಮ್ಮ ಬೇರೊಂದು ಚಿತ್ರಕ್ಕೆ ತೆಗೆಸಿ ಉಳಿದಿದ್ದ ರೀಲಿನಿಂದ ತಂದರು. ಅಣ್ಣ ತಂದ ಕ್ಯಾಸೆಟ್‌ನಲ್ಲಿದ್ದದ್ದು ಅದೇ. ನಾನು ವರ್ಷಗಟ್ಟಲೆ ಆ ಹಸಿರು ಬೆಟ್ಟಗಳನ್ನು ಆ ಸಿನಿಮಾದ ಭಾಗ ಅಂತಲೇ ನಂಬಿದ್ದೆ! ಆ ಸಂಜೆ ಚೀಟಿಯಲ್ಲಿ ಅನಿಸಿದ್ದನ್ನು ಬರೆದುಕೊಟ್ಟು ಮನೆಗೆ ಹೋದವರಿಗೆ, ಲಕ್ಷಾಂತರ ಜನ ಹತ್ತು ವರ್ಷ ಬೇರೆ ಸಿನಿಮಾ ನೋಡುವ ಹಾಗೆ ಮಾಡಿದೆವು ಅಂತ ಗೊತ್ತೇ ಇರಲಿಕ್ಕಿಲ್ಲ.

ಇಷ್ಟು ಮಾಡಿದರೂ ಬಿಡುಗಡೆಯಾದಾಗ ಸಿನಿಮಾ ಓಡಲಿಲ್ಲ. ಜೂನ್ 25ರಂದು, ಅದೇ ದಿನ ಜಾನ್ ಕಾರ್ಪೆಂಟರ್ ಅವರ 'ದಿ ಥಿಂಗ್' ಕೂಡ ಬಂತು. ಅದಕ್ಕೂ ಬೈಗುಳವೇ. ಇವತ್ತು ಎರಡನ್ನೂ ಆ ದಶಕದ ದೊಡ್ಡ ಚಿತ್ರಗಳ ಸಾಲಿನಲ್ಲಿ ಇಡುತ್ತಾರೆ. ಒಂದೇ ಶುಕ್ರವಾರ ಎರಡು ಸಿನಿಮಾಗಳಿಗೆ ನಾವು ಬಾಗಿಲು ಮುಚ್ಚಿದ್ದೆವು.

ಆ ಬಾಗಿಲನ್ನು ತೆರೆದವರೂ ಪ್ರೇಕ್ಷಕರೇ. 1990ರಲ್ಲಿ ಲಾಸ್ ಏಂಜಲೀಸ್‌ನ ಒಂದು ಚಿತ್ರಮಂದಿರದಲ್ಲಿ ಹಳೆಯ ಪ್ರತಿಯೊಂದನ್ನು ಹಾಕಿದಾಗ, ಅದು ವಿವರಣೆ ಸೇರಿಸುವ ಮೊದಲಿನ ಕಚ್ಚಾ ಪ್ರತಿ ಅಂತ ಅಲ್ಲಿಯೇ ಗೊತ್ತಾಯಿತು. ಬಂದವರು ಮೆಚ್ಚಿಕೊಂಡರು. ಮರುವರ್ಷ ಲಾಸ್ ಏಂಜಲೀಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದನ್ನೇ ಹಾಕಿದಾಗ ಜನ ಮುಗಿಬಿದ್ದರು. 1992ರಲ್ಲಿ ವಿವರಣೆ ಮತ್ತು ಸುಖಾಂತ್ಯ ತೆಗೆದ ಆವೃತ್ತಿ ಬಂತು. 2007ರಲ್ಲಿ ಅದರ ನಿರ್ದೇಶಕ ರಿಡ್ಲಿ ಸ್ಕಾಟ್ ತಮಗೆ ಪೂರ್ತಿ ಒಪ್ಪಿಗೆಯಾದ ಕೊನೆಯ ಆವೃತ್ತಿ ಮುಗಿಸಿದರು. ನೋಡಿ, ಅವಸರದಲ್ಲಿ ಹೇಳಿದ ಮಾತು ಒಂದು ಸಿನಿಮಾವನ್ನು ಕೆಡಿಸಿತು. ಅದನ್ನು ಮತ್ತೆ ನೋಡಿದವರ ತಾಳ್ಮೆ ಉಳಿಸಿತು. ಆ ತಾಳ್ಮೆ ಇರದಿದ್ದರೆ 2017ರಲ್ಲಿ ನಾವು ಕಾಯಲಿಕ್ಕೆ ಎರಡನೇ ಭಾಗವೇ ಇರುತ್ತಿರಲಿಲ್ಲ.

ಹೊಗಳಿ ಅಂತ ನಾನು ಕೇಳುತ್ತಿಲ್ಲ. ದಯವಿಟ್ಟು ಹಾಗೆ ತಿಳಿಯಬೇಡಿ. ಇಷ್ಟವಾಗದಿದ್ದರೆ ಇಷ್ಟವಾಗಲಿಲ್ಲ ಅನ್ನಿ. 'ಬ್ಲೇಡ್ ರನ್ನರ್ 2049'ರಲ್ಲಿ ಹೆಣ್ಣು ಪಾತ್ರಗಳನ್ನು ನಡೆಸಿಕೊಂಡ ರೀತಿ ಸರಿಯಿಲ್ಲ ಅಂತ ಹಲವರು ಬರೆದರು. ನನಗೂ ಹಾಗೇ ಅನ್ನಿಸಿದೆ. ಆ ಬರಹಗಳನ್ನು ಓದಿದ ಮೇಲೆ ಕೆಲವು ದೃಶ್ಯಗಳನ್ನು ನಾನು ಮೊದಲಿನ ಹಾಗೆ ನೋಡಲಾರೆ. ಅದು ಒಳ್ಳೆಯದೇ. ಅಂಥ ಟೀಕೆ ಮಾಡಲು ಸಿನಿಮಾವನ್ನು ಕೂತು ನೋಡಿರಬೇಕು. "ಬೋರ್" ಅಂತ ಅರ್ಧ ಗಂಟೆಯಲ್ಲಿ ಬರೆಯಲು ನೋಡಬೇಕಾಗಿಯೇ ಇಲ್ಲ. ಹಾಗೆಯೇ ಬಿಡುಗಡೆಗೆ ಮೊದಲೇ ಭವಿಷ್ಯ ಹೇಳುವುದು. 2009ರ 'ಅವತಾರ್' ಯಾರಿಗೂ ನೆನಪಿಲ್ಲ, ಎರಡನೇ ಭಾಗ ಯಾರಿಗೆ ಬೇಕು ಅಂತ ನಮ್ಮಲ್ಲೇ ಎಷ್ಟು ಜನ ಹೇಳಲಿಲ್ಲ? 2022ರ ಡಿಸೆಂಬರಿನಲ್ಲಿ ಅದು ಬಂತು. ಮೂರು ಗಂಟೆಗೂ ಮೀರಿದ ಸಿನಿಮಾ, ಗಳಿಕೆ 200 ಕೋಟಿ ಡಾಲರ್ ದಾಟಿತು. ಬೇಡ ಅಂದವರ ಮನೆಯವರೂ ಆ ಸಾಲಿನಲ್ಲಿ ಇದ್ದಿರಬಹುದು, ಅಲ್ವಾ?

ಇನ್ನೊಂದು ಮಾತು. ಇದನ್ನು ಬರೆಯುವಾಗ ನನಗೆ ನಿಜಕ್ಕೂ ನೋವಾಗುತ್ತದೆ. ನಾವು ಕಾದಿದ್ದಕ್ಕೆ ಸಿಗದ ಸಮಾಧಾನವನ್ನು ನಟರ ಮೇಲೆ ತೀರಿಸಿಕೊಳ್ಳುವುದು. 2017ರಲ್ಲಿ 'ಸ್ಟಾರ್ ವಾರ್ಸ್' ಸರಣಿಯ 'ದಿ ಲಾಸ್ಟ್ ಜೆಡಾಯ್' ಬಂದಾಗ ಕೆಲ್ಲಿ ಮೇರಿ ಟ್ರಾನ್ ಎಂಬ ನಟಿಯ ಮೇಲೆ ಅವರ ಜನಾಂಗ, ಮೈಕಟ್ಟು ಎಲ್ಲವನ್ನೂ ಹಿಡಿದು ಬೈದರು. ಮರುವರ್ಷ ಅವರು ತಮ್ಮ ಇನ್‌ಸ್ಟಾಗ್ರಾಮ್ ಪುಟ ಖಾಲಿ ಮಾಡಿದರು. ಆಮೇಲೆ ಪತ್ರಿಕೆಯೊಂದರಲ್ಲಿ, ಆ ಮಾತುಗಳನ್ನು ತಾವೇ ನಂಬಲು ಶುರು ಮಾಡಿದ್ದಾಗಿ ಬರೆದುಕೊಂಡರು. ಅದಕ್ಕೂ ಮೊದಲು, 16 ವರ್ಷದ ಕಾಯುವಿಕೆಯ ನಂತರ 1999ರಲ್ಲಿ ಬಂದ ಅದೇ ಸರಣಿಯ ಚಿತ್ರದಲ್ಲಿ ನಟಿಸಿದ್ದ ಅಹ್ಮದ್ ಬೆಸ್ಟ್, ಜನರ ದ್ವೇಷ ಕಂಡು ತಮಗೆ ಬದುಕೇ ಬೇಡವಾಗಿತ್ತು ಎಂದು 2018ರಲ್ಲಿ ಹೇಳಿದರು. ಹತ್ತೊಂಬತ್ತು ವರ್ಷ ಅದನ್ನು ಒಳಗಿಟ್ಟುಕೊಂಡಿದ್ದರು. ಇವರು ಮಾಡಿದ ತಪ್ಪೇನು? ಬರೆದುಕೊಟ್ಟ ಪಾತ್ರವನ್ನು ಮಾಡಿದರು.

ಬೈದವರು ಎಲ್ಲ ಪ್ರೇಕ್ಷಕರ ಪರವಾಗಿ ಬೈದರು ಅಂತಲೂ ಅಲ್ಲ. ಮೊದಲ ರಾತ್ರಿ ಚಿತ್ರಮಂದಿರದಲ್ಲೇ ಚೀಟಿ ಹಂಚಿ ಪ್ರೇಕ್ಷಕರ ಅಭಿಪ್ರಾಯ ಕೇಳುವ ಸಿನಿಮಾಸ್ಕೋರ್ ಎಂಬ ಸಂಸ್ಥೆಯಿದೆ. 'ದಿ ಲಾಸ್ಟ್ ಜೆಡಾಯ್' ಚಿತ್ರಕ್ಕೆ ಅಲ್ಲಿ ಸಿಕ್ಕಿದ್ದು 'ಎ' ದರ್ಜೆ. ಯಾರು ಬೇಕಾದರೂ ಅಂಕ ಒತ್ತಬಹುದಾದ ಜಾಲತಾಣವೊಂದರಲ್ಲಿ ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ ಅಂಕ. ಹಾಲಿನಲ್ಲಿ ಕೂತು ನೋಡಿ ಸುಮ್ಮನೆ ಮನೆಗೆ ಹೋದವರ ದನಿ ಯಾರಿಗೂ ಕೇಳಲಿಲ್ಲ.

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆಗಳು ಇಷ್ಟು.

ಮೊದಲ ಶೋನಲ್ಲಿ ಫೋನ್ ಜೇಬಿನಲ್ಲೇ ಇರಲಿ. ಪರದೆಯ ಫೋಟೊ ತೆಗೆಯಬೇಡಿ. ಪಕ್ಕದವರು ತೆಗೆದರೆ ಮೆಲ್ಲಗೆ ಬೇಡ ಅನ್ನಿ. ನಾನು ಅವತ್ತು ಅನ್ನಲಿಲ್ಲ, ಸುಮ್ನೆ ಕೂತಿದ್ದೆ. ಅದಕ್ಕೆ ಇವತ್ತಿಗೂ ಪಶ್ಚಾತ್ತಾಪ ಇದೆ. ಕಥೆಯ ಬಗ್ಗೆ ಮಾತಾಡಬೇಕು ಅನ್ನಿಸುತ್ತದೆ, ಸಹಜ. ಮಾತಾಡುವ ಮೊದಲು "ನೋಡಿದ್ರಾ?" ಅಂತ ಒಂದು ಮಾತು ಕೇಳಿ. ಇಲ್ಲ ಅಂದರೆ ಅಲ್ಲಿಗೆ ನಿಲ್ಲಿಸಿ. ಬರೆಯುವುದಾದರೆ ಮೊದಲ ಸಾಲಿನಲ್ಲಿ, ಫೋಟೊದಲ್ಲಿ ಗುಟ್ಟು ಬೇಡ. ಕಣ್ಣಿಗೆ ರೆಪ್ಪೆಯಿದ್ದರೂ ಓದುವುದು ಅದಕ್ಕಿಂತ ಬೇಗ.

ತೀರ್ಪು ಕೊಡುವ ಮೊದಲು ಒಂದು ರಾತ್ರಿ ಮಲಗಿ ಏಳಿ. ಬೆಳಿಗ್ಗೆ ಎದ್ದಾಗ ಯಾವ ದೃಶ್ಯ ತಲೆಯಲ್ಲಿ ಉಳಿದಿದೆ ಅಂತ ನೋಡಿಕೊಳ್ಳಿ. ಆಮೇಲೆ ಬರೆಯಿರಿ, ಎಷ್ಟು ಕಟುವಾಗಿಯಾದರೂ ಬರೆಯಿರಿ. ನಿಮಗೆ ಬೇಕಾಗಿದ್ದ ಸಿನಿಮಾ ಯಾವುದು, ಅವರು ಮಾಡಿದ ಸಿನಿಮಾ ಯಾವುದು, ಇವೆರಡನ್ನೂ ಬೇರೆ ಬೇರೆ ಮಾಡಿ ಹೇಳಿ. 35 ವರ್ಷ ನಮ್ಮ ತಲೆಯಲ್ಲಿ ಓಡಿದ ಸಿನಿಮಾದ ಜೊತೆ ಯಾವ ಸಿನಿಮಾ ತಾನೇ ಗೆಲ್ಲುತ್ತದೆ?

ಮೊದಲ ಭಾಗ ನೋಡದೆ ಬಂದ ಹೊಸಬರನ್ನು ಅಲ್ಲೇ ನಿಲ್ಲಿಸಿ ಪರೀಕ್ಷೆ ಮಾಡಬೇಡಿ. ಅವರು ಬಂದಿದ್ದಾರಲ್ಲ, ಅಷ್ಟು ಸಾಕು. ನಟರ ಬಗ್ಗೆ, ಅವರ ಮುಖ, ಮೈ, ಬಣ್ಣದ ಬಗ್ಗೆ ಬರುವ ಮಾತುಗಳಿಗೆ ನಗಬೇಡಿ, ಮುಂದಕ್ಕೆ ಕಳಿಸಬೇಡಿ.

ಕೊನೆಯದಾಗಿ ಅಣ್ಣನ ಮಗನ ವಿಷಯ ಹೇಳಿ ಮುಗಿಸುತ್ತೇನೆ. ಅವನಿಗೆ ಈಗ ಹತ್ತು ವರ್ಷ. ಮೇಲೆ ಹೇಳಿದ ಆ 1980ರ ಸಿನಿಮಾದ ಮಾತು ಜಗತ್ತಿಗೆಲ್ಲ ಗೊತ್ತು. ಅಂಗಿಗಳ ಮೇಲೆ, ಜಾಹೀರಾತಿನಲ್ಲಿ, ಎಲ್ಲ ಕಡೆ ಇದೆ. ಆದರೂ ಅಣ್ಣ ಎರಡು ವರ್ಷ ಅದು ಮಗನ ಕಿವಿಗೆ ಬೀಳದಂತೆ ನೋಡಿಕೊಂಡ. ತನ್ನದು ಹೋದ ಮೇಲೆ ಮಗನದಾದರೂ ಉಳಿಯಲಿ ಅಂತ. ಕಳೆದ ತಿಂಗಳು ನಾವು ಮೂವರೂ ಕೂತು ನೋಡಿದೆವು. ಆ ಮಾತು ಬಂದಾಗ ಹುಡುಗ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡ. ಬಾಯಿ ತೆರೆದೇ ಇತ್ತು. ಅಣ್ಣ ಪರದೆ ನೋಡುತ್ತಿರಲಿಲ್ಲ, ಮಗನ ಮುಖ ನೋಡುತ್ತಿದ್ದ.

ಸಿನಿಮಾ ಮುಗಿದ ಮೇಲೆ ಅವನು ಕೇಳಿದ, "ಅತ್ತೆ, ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು" ಅಂದೆ.

"ಅಪ್ಪಂಗೂ?"

"ಅಪ್ಪಂಗೂ."

ಸ್ವಲ್ಪ ಹೊತ್ತು ಸುಮ್ಮನಿದ್ದ. ಮರುದಿನ ಶಾಲೆಯಿಂದ ಬಂದವನೇ ಅವನ ಅಪ್ಪನ ಕಿವಿಯಲ್ಲಿ ಹೇಳಿದನಂತೆ. ಅವನ ಪಕ್ಕದಲ್ಲಿ ಕೂರುವ ಹುಡುಗ ಆ ಸಿನಿಮಾ ಇನ್ನೂ ನೋಡಿಲ್ಲವಂತೆ. ಇವನೂ ಅವನಿಗೆ ಏನೂ ಹೇಳಿಲ್ಲ. ಬರುವ ಭಾನುವಾರ ಮನೆಗೆ ಕರೆದಿದ್ದಾನೆ.

ಇಂತಿ,
ನಿಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಪ್ರೇಕ್ಷಕಿ